‘ಅಲ್ಲಿ ಮೇಷ್ಟ್ರುಗಳು ಹೆದರಿಕೊಂಡೇ ಬದುಕಿದ್ದರಾ?’

ನಾನು ಮಾಸ್ಕೋದಲ್ಲಿ ಓದಿದವನು ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದು. ಕಾಲೇಜಿನಲ್ಲಿ ಪಾಠ ಮಾಡುವವರಂತೂ ಕೇಳದೆ ಬಿಡುವುದಿಲ್ಲ. ನಾನು ಅಲ್ಲಿದ್ದದ್ದು 1980ರಿಂದ 1986ರವರೆಗೆ. ಸೋವಿಯತ್ ಒಕ್ಕೂಟವನ್ನು ಆಳುತ್ತಿದ್ದ ಬ್ರೆಜ್ನೆವ್ ಕಾಲದ ಕೊನೆ, ಗೋರ್ಬಚೇವ್ ಕಾಲದ ಶುರು.

ಹೆದರಿಕೆ ಇತ್ತು. ಆದರೆ ನಾನು ಹೆಚ್ಚಾಗಿ ಕಂಡದ್ದು ದಣಿವು.

ಸಂಬಳ ಕಡಿಮೆಯೇನಲ್ಲ. ದೇಶದ ಸರಾಸರಿ ಸಂಬಳ ತಿಂಗಳಿಗೆ 170 ರೂಬಲ್ ಆಸುಪಾಸು ಇದ್ದಾಗ, ನಮ್ಮಲ್ಲಿ ಆಗ ಇದ್ದ ರೀಡರ್ (ಈಗಿನ ಅಸೋಸಿಯೇಟ್ ಪ್ರೊಫೆಸರ್) ಹುದ್ದೆಗೆ ಸಮನಾದ ಅನುಭವಿ ‘ದೊತ್ಸೆಂತ್’ಗೆ 320, ಪ್ರೊಫೆಸರಿಗೆ 450–500. ಮೆಟ್ರೊಗೆ 5 ಕೊಪೆಕ್, ನೂರು ಕೊಪೆಕ್‌ಗೆ ಒಂದು ರೂಬಲ್. ಮನೆ ಬಾಡಿಗೆ ಲೆಕ್ಕಕ್ಕೇ ಇಲ್ಲ. ಆದರೆ ಕೈಯಲ್ಲಿ ದುಡ್ಡಿದ್ದರೂ ಅಂಗಡಿಯಲ್ಲಿ ಸಾಮಾನು ಇರಬೇಕಲ್ಲ. ನಮಗೆ ಲೋಹಶಾಸ್ತ್ರ ಕಲಿಸುತ್ತಿದ್ದ ಮೇಡಂ ಚೀಲದಲ್ಲಿ ಪಾಠದ ಟಿಪ್ಪಣಿಗಳ ಜೊತೆ ಒಂದು ಬಲೆಚೀಲ ಯಾವತ್ತೂ ಮುದುರಿಕೊಂಡಿರುತ್ತಿತ್ತು. ಅದಕ್ಕೆ ‘ಅವೋಸ್ಕಾ’ ಅನ್ನುತ್ತಾರೆ. ‘ಸಿಕ್ಕರೂ ಸಿಗಬಹುದು’ ಅನ್ನುವ ಅರ್ಥದ ಮಾತಿನಿಂದ ಹುಟ್ಟಿದ ಹೆಸರು. ಸಾಲು ಕಂಡರೆ ಮೊದಲು ನಿಲ್ಲಬೇಕು, ಏನು ಮಾರುತ್ತಿದ್ದಾರೆ ಅಂತ ಆಮೇಲೆ ಕೇಳಬೇಕು. ಪುಸ್ತಕಕ್ಕೂ ಇದೇ ಪಾಡು. ಜನರಿಗೆ ಬೇಕಾದ ಕೆಲವು ಕಾದಂಬರಿಗಳನ್ನು ಕೊಳ್ಳುವ ಚೀಟಿ ಸಿಗಬೇಕಾದರೆ 20 ಕಿಲೊ ರದ್ದಿ ಕಾಗದ ಹೊತ್ತುಕೊಂಡು ಹೋಗಿ ಕೊಡಬೇಕಿತ್ತು.

ಸೆಪ್ಟೆಂಬರ್ ಬಂತೆಂದರೆ ವಿದ್ಯಾರ್ಥಿಗಳನ್ನು ಸಾಮೂಹಿಕ ಹೊಲಗಳಿಗೆ ಆಲೂಗಡ್ಡೆ ಕೀಳಲು ಕಳಿಸುತ್ತಿದ್ದರು, ಜೊತೆಗೆ ಮೇಷ್ಟ್ರುಗಳನ್ನೂ. ಊರಿನ ತರಕಾರಿ ಗೋದಾಮಿನಲ್ಲಿ ಕೊಳೆತ ಎಲೆಕೋಸು ಆರಿಸುವ ಸರದಿಯೂ ಬರುತ್ತಿತ್ತು. ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಕೆಲಸ ಕೀಳು ಅಂತಲ್ಲ, ಮಣ್ಣಿನ ಕೆಲಸ ಅವರಿಗೆ ಇಷ್ಟವೇ ಇತ್ತು. ಊರಾಚೆ ಹಂಚಿಕೊಟ್ಟ 600 ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಆರು ಗುಂಟೆ ಜಾಗದಲ್ಲಿ, ರಜೆ ದಿನವೆಲ್ಲ ಸೌತೆ, ಸ್ಟ್ರಾಬೆರಿ ಬೆಳೆಯುತ್ತಿದ್ದರು. ಓದಿಗೆ ಇಟ್ಟುಕೊಂಡ ಹೊತ್ತನ್ನು ಯಾರೋ ಬಂದು ಕಿತ್ತುಕೊಳ್ಳುತ್ತಿದ್ದರು, ನೋವು ಅದು. ಇಷ್ಟಾದರೂ ಆ ಮೇಡಂ ತಯಾರಿಲ್ಲದೆ ತರಗತಿಗೆ ಬಂದದ್ದು ನಾನು ಒಂದು ದಿನವೂ ಕಾಣೆ.

ಇನ್ನು ಹೆದರಿಕೆ. 1980ರ ಜನವರಿಯಲ್ಲಿ, ಸರ್ಕಾರವನ್ನು ಬಹಿರಂಗವಾಗಿ ಟೀಕಿಸುತ್ತಿದ್ದ ಭೌತವಿಜ್ಞಾನಿ ಸಖರೋವ್ ಅವರನ್ನು ಗೋರ್ಕಿ ನಗರಕ್ಕೆ ಗಡಿಪಾರು ಮಾಡಿದ್ದು ಎಲ್ಲರಿಗೂ ಗೊತ್ತಿತ್ತು. ತರಗತಿಯಲ್ಲಿ ಆ ಹೆಸರು ಎತ್ತಿದವರಿಲ್ಲ. ಇತಿಹಾಸದ ಮಹಾಪ್ರಬಂಧವಾದರೆ ಗ್ರಂಥಸೂಚಿಯಲ್ಲಿ ಮೊದಲು ಮಾರ್ಕ್ಸ್, ಎಂಗೆಲ್ಸ್, ಲೆನಿನ್. ಅಕ್ಷರಕ್ರಮ ಶುರುವಾಗುವುದು ಆಮೇಲೆ. ವಿದೇಶಕ್ಕೆ ಹೋಗಬೇಕಾದರೆ ಆಡಳಿತ, ಕಮ್ಯುನಿಸ್ಟ್ ಪಕ್ಷ, ಕಾರ್ಮಿಕ ಸಂಘ ಮೂರೂ ಕಡೆಯವರು ಸಹಿ ಹಾಕಿದ ನಡತೆ ಪತ್ರ ಬೇಕು. ಮನಸ್ಸಿನ ಮಾತೆಲ್ಲ ಅಡುಗೆಮನೆಯಲ್ಲಿ.

ಅಂಥ ಒಂದು ಅಡುಗೆಮನೆಗೆ ಮೇಡಂ ನನ್ನನ್ನು ಕರೆದಿದ್ದರು. ಪರದೇಶದ ಹುಡುಗನನ್ನು ಮನೆಗೆ ಕರೆಯುವುದು ಆಗ ಸಣ್ಣ ಮಾತಲ್ಲ. ಒಬ್ಬರು ಎದ್ದರೆ ಇನ್ನೊಬ್ಬರು ಜರುಗಬೇಕು, ಅಷ್ಟೇ ಜಾಗ. ಹಬ್ಬಕ್ಕೆ ಮೇಷ್ಟ್ರುಗಳಿಗೆ ಕೆಲಸದ ಜಾಗದಲ್ಲೇ ದಿನಸಿ ಪೊಟ್ಟಣ ಮಾರುತ್ತಿದ್ದರು, ಅಂಗಡಿಯಲ್ಲಿ ಸಿಗದ ಸಾಮಾನು. ಅದರಲ್ಲಿ ಬಂದಿದ್ದ ಕಂದು ಡಬ್ಬಿಯೊಂದನ್ನು ಅವರು ಮೇಲಿನ ಶೆಲ್ಫಿನಿಂದ ಇಳಿಸಿದರು. ಭಾರತದ ಇನ್‌ಸ್ಟಂಟ್ ಕಾಫಿ! ಸೋವಿಯತ್ ಒಕ್ಕೂಟ ಆಗ ನಮ್ಮ ಕಾಫಿಯ ದೊಡ್ಡ ಗಿರಾಕಿ. ‘ಇದು ನಮ್ಮ ಮೂಡಿಗೆರೆ ಕಡೆಯದೂ ಇರಬಹುದು’ ಅಂದೆ. ಕಾಫಿ ಗಿಡ ಹೂಬಿಟ್ಟರೆ ಹೇಗಿರುತ್ತದೆ ಅಂತ ಕೇಳಿದರು. ಮಾರ್ಚಿಯಲ್ಲಿ ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಮಲ್ಲಿಗೆಯ ಹಾಗೆ ಘಮ್ಮೆನ್ನುತ್ತದೆ ಅಂದೆ. ಆ ಸಂಜೆ ಅವರು ಸಖರೋವ್ ಹೆಸರನ್ನೂ ಎತ್ತಿದರು, ದನಿ ತಗ್ಗಿಸದೆ.

ಸೋವಿಯತ್ ಒಕ್ಕೂಟ ಒಡೆದುಹೋದ ಮೇಲೆ, 1992ರ ಜನವರಿ 2ರಂದು ರಷ್ಯಾದಲ್ಲಿ ಸರ್ಕಾರ ಬೆಲೆಗಳ ಮೇಲಿನ ಹಿಡಿತ ಬಿಟ್ಟಿತು, ಬೆಲೆ ಗಗನಕ್ಕೇರಿತು. ಪ್ರೊಫೆಸರುಗಳ ಸಂಬಳ, ಪಿಂಚಣಿ, ಉಳಿತಾಯ ಎಲ್ಲ ಕೆಲವೇ ತಿಂಗಳಲ್ಲಿ ಕರಗಿಹೋಯಿತು. ಇತ್ತ ನಮ್ಮೂರ ಬೆಳೆಗಾರರು ಗಿರಾಕಿ ಹೋಯಿತೆಂದು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಆ ಬೇಸಿಗೆಯಲ್ಲಿ ಮೇಡಂ ಕಾಗದ ಬಂತು. ಹಬ್ಬದ ಪೊಟ್ಟಣ ನಿಂತುಹೋಗಿದೆ, ಕಾಫಿ ಡಬ್ಬಿಯಲ್ಲಿ ಈಗ ಸೌತೆ ಬೀಜ ಹಾಕಿಟ್ಟಿದ್ದೇನೆ ಅಂತ ಬರೆದಿದ್ದರು.