ಸ್ನೋ, ಸಲಿಕೆ ಮತ್ತು ಉಜಿಮಾ

ಷಿಕಾಗೋದಲ್ಲಿ ಮನೆ ಮುಂದಿನ ಫುಟ್‌ಪಾತಿನ ಸ್ನೋ ಮನೆಯವರೇ ತೆಗೆಯಬೇಕು. ನಾನೂ ತೆಗೆಯುತ್ತಿದ್ದೆ, ನನ್ನ ಪಾಲಿಗೆ ಬಂದಷ್ಟು ಮಾತ್ರ. ಪಕ್ಕದ ಮನೆಯ ಗಡಿ ಬಂತೋ, ಸಲಿಕೆ ನಿಂತಿತು. ಹೊಲಕ್ಕೆ ಬದು ಹಾಕಿದ ಹಾಗೆ ನೇರ ಗೆರೆ!

ಡಿಸೆಂಬರ್ 28ರ ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಪಾಲಿನದೂ ಸ್ವಚ್ಛವಾಗಿತ್ತು. ಪಕ್ಕದ ಮನೆಯ ಅಜ್ಜಿ, ಎಪ್ಪತ್ತು ದಾಟಿದ ಆಫ್ರಿಕನ್ ಅಮೆರಿಕನ್ ರಿಟೈರ್ಡ್ ಟೀಚರ್, ಮೊಮ್ಮಗನನ್ನು ಜೊತೆಗೆ ಹಾಕಿಕೊಂಡು ಸಾಲಾಗಿ ನಾಲ್ಕು ಮನೆಗಳ ಮುಂದೆ ಗೋರಿ ಮುಗಿಸಿದ್ದರು. ನಾಚಿಕೆಯಾಗಿ ಹೊರಗೆ ಓಡಿದೆ.

"ಹಬಾರಿ ಗಾನಿ?" ಅಂದರು. ಹೇಗಿದ್ದೀಯ ಅಂತಿರಬೇಕು ಅಂದುಕೊಂಡು "ಚೆನ್ನಾಗಿದ್ದೀನಿ" ಅಂದೆ. ಮೊಮ್ಮಗ ಬಿದ್ದು ಬಿದ್ದು ನಕ್ಕ.

ಅದು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಮಾತು. ಏನು ಸಮಾಚಾರ ಅಂತ ಅರ್ಥ. ಡಿಸೆಂಬರ್ 26ರಿಂದ ಜನವರಿ 1ರವರೆಗೆ, ಆಫ್ರಿಕನ್ ಅಮೆರಿಕನ್ನರ ಕ್ವಾನ್ಜಾ ಹಬ್ಬದ ಏಳು ದಿನವೂ ಹೀಗೆ ಕೇಳುತ್ತಾರೆ. ದಿನಕ್ಕೊಂದು ತತ್ವ. ಅದರ ಹೆಸರೇ ಉತ್ತರ. ಮೂರನೇ ದಿನದ್ದು ಉಜಿಮಾ: ಕೂಡಿ ಮಾಡುವ ಕೆಲಸ, ಕೂಡಿ ಹೊರುವ ಹೊಣೆ. ನಮ್ಮೂರಲ್ಲಿ ನಾಟಿಗೆ ಮುಯ್ಯಾಳು ಹೋಗುತ್ತಿದ್ದರಲ್ಲ, ಅದು ನೆನಪಾಯಿತು. ಆದರೆ ಮುಯ್ಯಿಗೆ ಲೆಕ್ಕ ಇರುತ್ತದೆ. ಈ ಅಜ್ಜಿ ಲೆಕ್ಕವನ್ನೇ ಇಟ್ಟಿರಲಿಲ್ಲ.

ಸಂಜೆ ನಮ್ಮನ್ನೂ ಕರೆದರು. ಮೇಜಿನ ಮೇಲೆ ಹೆಣೆದ ಚಾಪೆ, ಕಿನಾರಾ ಅನ್ನುವ ದೀಪದ ಕಂಬ. ಅದರಲ್ಲಿ ಕೆಂಪು ಮೂರು, ಹಸಿರು ಮೂರು, ನಡುವೆ ಕಪ್ಪು ಒಂದು ಮೇಣದಬತ್ತಿ. ಮೂರನೇ ದಿನ, ಹಾಗಾಗಿ ಮೂರು ಉರಿಯುತ್ತಿದ್ದವು. ತುಂಬಾ ಹಳೆಯ ಹಬ್ಬ ಇರಬೇಕು ಅಂದೆ. "ಈ ಹಬ್ಬಕ್ಕಿಂತ ನಾನೇ ದೊಡ್ಡವಳು" ಅಂತ ನಕ್ಕರು. ಕಪ್ಪು ಜನರೇ ಹೆಚ್ಚಿದ್ದ ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆ 1965ರ ಜನಾಂಗೀಯ ಗಲಭೆಯಲ್ಲಿ ಹೊತ್ತಿ ಉರಿದಿತ್ತು. ಮರುವರ್ಷ ಅದೇ ಊರಿನಲ್ಲಿ ಮೌಲಾನಾ ಕರೆಂಗಾ ಅನ್ನುವ ಕಪ್ಪು ಹೋರಾಟಗಾರ ಈ ಹಬ್ಬ ಶುರುಮಾಡಿದರಂತೆ. ಇವರಾಗ ಶಾಲೆಯ ಹುಡುಗಿ.

ಚಾಪೆಯ ಮೇಲೆ ಮೂರು ಜೋಳದ ತೆನೆ ಇದ್ದವು, ಮೆಕ್ಕೆಜೋಳದ್ದು. ಮನೆಯ ಮಗುವಿಗೊಂದು ತೆನೆ ಅಂತ ಲೆಕ್ಕ. ಅವರಿಗಿದ್ದದ್ದು ಇಬ್ಬರು ಮೊಮ್ಮಕ್ಕಳು.

"ಮೂರನೆಯದು ಯಾರದು?" ಅಂತ ನನ್ನ ಮಗಳು ಕೇಳಿದಳು.

"ನಿಂದೇ ಕಣಮ್ಮಾ."

ನನಗೆ ಮಾತು ಹೊರಡಲಿಲ್ಲ. ಸ್ನೋದಲ್ಲಿ ನಾನು ಬಿಡುತ್ತಿದ್ದ ಆ ನೇರ ಗೆರೆ ಕಣ್ಣ ಮುಂದೆ ಬಂತು.

ಜನವರಿಯಲ್ಲಿ ಮತ್ತೆ ಸ್ನೋ ಬಿತ್ತು. ಅಲಾರಂ ಇಟ್ಟುಕೊಂಡು ಐದಕ್ಕೇ ಎದ್ದು ಗಡಿ ದಾಟಿದೆ. ಅವರ ಮೆಟ್ಟಿಲ ತನಕ ಗೋರಿ ತಲೆ ಎತ್ತಿದರೆ, ಅಜ್ಜಿ ಆಗಲೇ ಆ ಕಡೆ ಮೂರನೇ ಮನೆಯ ಮುಂದಿದ್ದರು.