ಮೊದಲು ಅಡಿಯಲ್ಲಿರುವ ಸಣ್ಣಕ್ಷರ ಓದಿ

ಹಳೇ ಮುದ್ರಿತ ಚಿತ್ರಗಳ ಸ್ಕ್ಯಾನ್ ನೋಡಿ ವಿವರ ತುಂಬುವುದು ನನ್ನ ಕೆಲಸ. ಸೇರಿದ ಹೊಸದರಲ್ಲಿ ಒಂದು ಚಿತ್ರ ಬಂತು. ರಾಣಿಯೊಬ್ಬಳು ರಾಜನ ಗಾಯಕ್ಕೆ ಬಾಯಿಟ್ಟು ವಿಷ ಹೀರುತ್ತಿದ್ದಾಳೆ. ಇಂಗ್ಲೆಂಡಿನ ಒಂದನೇ ಎಡ್ವರ್ಡ್, ಅವನ ಹೆಂಡತಿ ಎಲಿನಾರ್. ವಿಷ ಬಾಯಿಗೆ ಹೋದ ಮೇಲೆ ಬದುಕುತ್ತಾಳಾ? ನಾನೇ ತೀರ್ಮಾನ ಮಾಡಿ ‘ಸಾಯುತ್ತಿರುವ ರಾಣಿ ಎಲಿನಾರ್, 1272’ ಅಂತ ಬರೆದು ಕಳಿಸಿಬಿಟ್ಟೆ.

ಊಟದ ಹೊತ್ತಿಗೆ ವಾಪಸ್ ಬಂತು. ಮೇಡಂ ಬೈಯಲಿಲ್ಲ. ಚಿತ್ರದ ಅಡಿಭಾಗವನ್ನು ಸ್ಕ್ರೀನ್ ತುಂಬ ದೊಡ್ಡದು ಮಾಡಿ, ‘ಮೊದಲು ಇದನ್ನ ಓದಮ್ಮ’ ಅಂದರು.

ಆಂಜೆಲಿಕಾ ಕೌಫ್‌ಮನ್ ಹೆಸರಿನ ಜೊತೆ ‘ಪಿಂಕ್ಸಿಟ್’. ಅಂದರೆ ಮೂಲ ಚಿತ್ರ ಬರೆದವಳು. ವಿಲಿಯಂ ವಿನ್ ರೈಲ್ಯಾಂಡ್ ಹೆಸರಿನ ಜೊತೆ ‘ಸ್ಕಲ್ಪ್ಸಿಟ್’. ಅದನ್ನು ನೋಡಿಕೊಂಡು ತಾಮ್ರದ ತಗಡಿನಲ್ಲಿ ಕೊರೆದವನು. ವರ್ಷ 1780. ಚಿತ್ರಗಳನ್ನು ಕದ್ದು ಅಚ್ಚು ಹಾಕಬಾರದು ಅಂತ ಇಂಗ್ಲೆಂಡಿನಲ್ಲಿ 1735ರಲ್ಲಿ ಕಾನೂನು ಬಂತು. ಅವತ್ತಿನಿಂದ ಪ್ರಕಟಿಸಿದ ತಾರೀಖು ಚಿತ್ರದ ಮೇಲೆಯೇ ಇರಬೇಕಿತ್ತು. ಕಣ್ಣೆದುರಿಗೇ ಇತ್ತು, ನಾನು ನೋಡಿರಲಿಲ್ಲ. 500 ವರ್ಷದ ತಪ್ಪು!

ರಾಣಿ ಸಾಯುತ್ತಲೂ ಇರಲಿಲ್ಲ. 1272ರಲ್ಲಿ ಈಗಿನ ಇಸ್ರೇಲಿನ ಆಕರ್ ಊರಿನಲ್ಲಿ ಎಡ್ವರ್ಡ್‌ಗೆ ವಿಷದ ಚೂರಿ ತಗುಲಿದ್ದು ನಿಜ. ಆದರೆ ವೈದ್ಯ ಕೆಟ್ಟ ಮಾಂಸ ಕೊಯ್ದು ತೆಗೆದ, ಅಳುತ್ತಿದ್ದ ಎಲಿನಾರ್‌ಳನ್ನು ಹೊರಗೆ ಕರೆದೊಯ್ದರು ಅನ್ನುತ್ತದೆ ಒಂದು ಹಳೇ ವೃತ್ತಾಂತ. ವಿಷ ಹೀರಿದ ಕಥೆ ಆಮೇಲೆ ಸೇರಿಕೊಂಡದ್ದು. ಅವಳು ತೀರಿಕೊಂಡದ್ದು 1290ರ ನವೆಂಬರ್‌ನಲ್ಲಿ, ಲಿಂಕನ್ ಹತ್ತಿರದ ಹಾರ್ಬಿಯಲ್ಲಿ. ಲಂಡನ್ನಿಗೆ ಶವ ಒಯ್ಯುವಾಗ ರಾತ್ರಿ ತಂಗಿದ ಕಡೆಯಲ್ಲೆಲ್ಲ ಎಡ್ವರ್ಡ್ ಕಲ್ಲಿನ ಶಿಲುಬೆ ನಿಲ್ಲಿಸಿದ. ಒಟ್ಟು 12. ಈಗ ಮೂರು ಉಳಿದಿವೆ.

ಈಗ ನಾನು ಎರಡು ಕಾಲಂ ಬೇರೆ ಬೇರೆ ತುಂಬುತ್ತೇನೆ: ಚಿತ್ರದಲ್ಲಿರುವ ಕಾಲ, ಚಿತ್ರ ಮಾಡಿದ ಕಾಲ. ಹೊತ್ತು ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಹಾಗೆ ನಿಧಾನಕ್ಕೆ ನೋಡುವಾಗಲೇ ಗೊತ್ತಾದದ್ದು, ಎಲಿನಾರ್‌ಳ ಕೆನ್ನೆಯಲ್ಲಿ ಗೆರೆಯೇ ಇಲ್ಲ. ಬರೀ ಚುಕ್ಕಿ. ದಟ್ಟವಾದ ಕಡೆ ನೆರಳು, ತೆಳುವಾದ ಕಡೆ ಬೆಳಕು. ಅಷ್ಟೂ ಚುಕ್ಕಿ ಕೈಯಿಂದ ಕುಟ್ಟಿದ್ದು.

ಆ ಕೈ ಇನ್ನೊಂದು ಕೆಲಸಕ್ಕೂ ಇಳಿಯಿತು ಅಂತ ಆರೋಪ ಬಂತು. ಈಸ್ಟ್ ಇಂಡಿಯಾ ಕಂಪನಿಯ ಹುಂಡಿ, ಅಂದರೆ ಹಣ ಕೊಡುವಂತೆ ಬರೆದ ಪತ್ರ, ನಕಲಿ ಮಾಡಿದ ಅಂತ 1783ರಲ್ಲಿ ರೈಲ್ಯಾಂಡ್‌ನನ್ನು ಗಲ್ಲಿಗೆ ಹಾಕಿದರು. ಕೋರ್ಟಿನಲ್ಲಿ ಕಾಗದ ತಯಾರಿಸಿದವರೇ ಬಂದು ಸಾಕ್ಷಿ ಹೇಳಿದರು: ಹುಂಡಿಯ ಮೇಲೆ ಬರೆದಿರುವ ತಾರೀಖಿಗೆ ಈ ಕಾಗದ ಇನ್ನೂ ಹುಟ್ಟೇ ಇರಲಿಲ್ಲ.