ಹನ್ನೊಂದು ತೂತಿನ ಅಣಬೆ: ನಾಲ್ಕನೆಯ ವಾರದ ಟಿಪ್ಪಣಿ

ಮೊದಲ ದಿನ ಅಣಬೆಯ ಮಾದರಿ ಇಟ್ಟ ಪೊಟ್ಟಣದ ಮೇಲೆ ಬರೆದದ್ದು ಇಷ್ಟೇ: ‘ಗೀಸ್ಟ್ರಮ್. ಹಳೆಯದು. ಹುಳು ಕೊರೆದಿದೆ.’ ಆ ಕೊನೆಯ ಮಾತು ನನ್ನನ್ನು ಮೂರು ವಾರ ದಾರಿ ತಪ್ಪಿಸಿತು.

ಮರಳು ಬೆರೆತ ಒಣ ನೆಲ. ತರಗೆಲೆ ಸರಿಸಿದರೆ ನಕ್ಷತ್ರದಂತೆ ಬಿಚ್ಚಿಕೊಂಡ ಒಂಬತ್ತು ಎಸಳು, ನಡುವೆ ಬೂದುಬಣ್ಣದ ಚೆಂಡು. ಪಕ್ಕದಲ್ಲಿ ಇನ್ನೂ ಎರಡಿದ್ದವು, ಅವನ್ನು ಮುಟ್ಟಲಿಲ್ಲ. ಹೀಗೆ ನಕ್ಷತ್ರದಂತೆ ಅರಳುವ ಅಣಬೆಗಳ ಒಂದು ಕುಲವೇ ಗೀಸ್ಟ್ರಮ್. ಅದಾದರೆ ಚೆಂಡಿನ ನೆತ್ತಿಯಲ್ಲಿ ಒಂದೇ ಬಾಯಿ. ಮಳೆಹನಿ ಬಡಿದಾಗ ಬೀಜಾಣುಗಳು ಅದರಿಂದಲೇ ಹೊಗೆಯಂತೆ ಚಿಮ್ಮುತ್ತವೆ. ಇದರಲ್ಲಿ ಹನ್ನೊಂದು ತೂತು. ಹುಳುವಿನ ಕೆಲಸ ಎಂದುಕೊಳ್ಳದೆ ಇನ್ನೇನು?

ಕಳೆದ ವಾರ ಮಸೂರದಡಿ ಮತ್ತೆ ನೋಡಿದೆ. ಒಂದು ತೂತಿನ ಅಂಚು ಹರಕು, ಅದು ನಿಜಕ್ಕೂ ಹುಳುವಿನದೇ. ಉಳಿದ ಹತ್ತೂ ದುಂಡಗೆ, ಸುತ್ತ ನವಿರಾದ ಎಳೆಗಳ ಅಂಚು, ತುಸು ಉಬ್ಬಿದ ತುಟಿ. ಚೆಂಡನ್ನು ಓರೆ ಮಾಡಿ ಅಡಿಯನ್ನು ನೋಡಿದಾಗ ಅನುಮಾನವೇ ಉಳಿಯಲಿಲ್ಲ: ಒಂದು ತೊಟ್ಟಲ್ಲ, ಕಡ್ಡಿಯಂಥ ಆರೇಳು ಕಂಬಗಳ ಮೇಲೆ ಪುಟ್ಟ ಮಂಟಪದಂತೆ ನಿಂತಿದೆ. ಹುಳು ತೂತು ಕೊರೆಯಬಲ್ಲದು, ಕಂಬ ನಿಲ್ಲಿಸಲಾರದು.

ಅಂದರೆ ಇದು ಮಿರಿಯೊಸ್ಟೋಮಾ ಎಂಬ ಬೇರೆಯೇ ಕುಲ. ಹೆಸರಿನ ಅರ್ಥವೇ ಅಸಂಖ್ಯ ಬಾಯಿಗಳದ್ದು. ಇದರ ಕೋಲಿಫಾರ್ಮೆ ಎಂಬ ಪ್ರಭೇದ ಬ್ರಿಟನ್ನಿನಲ್ಲಿ 1880ರ ನಂತರ ಕಾಣಿಸದೆ, ಅಳಿದೇ ಹೋಯಿತು ಎಂದುಕೊಂಡಿದ್ದಾಗ 2006ರಲ್ಲಿ ಸಫೋಕ್‌ನಲ್ಲಿ ಮತ್ತೆ ಸಿಕ್ಕಿತು.

ನೋಡಲು ಹೀಗೆಯೇ ನಕ್ಷತ್ರದಂತಿರುವ ಇನ್ನೊಂದು ಅಣಬೆ ಕುಲ, ಆಸ್ಟ್ರೇಯಸ್ ಇರಬಹುದೇ ಎಂಬುದನ್ನೂ ಪರೀಕ್ಷಿಸಿದೆ. ಅದರ ಎಸಳುಗಳು ಒಣಗಿದರೆ ಮುದುಡುತ್ತವೆ, ನೆನೆದರೆ ಅರಳುತ್ತವೆ. ಇದನ್ನು ಒದ್ದೆ ಕಾಗದದ ಮೇಲೆ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಎಸಳು ಮೆತ್ತಗಾಗಿದ್ದವು, ಅಷ್ಟೇ.

ಸೂಕ್ಷ್ಮದರ್ಶಕದ ಕೆಲಸ ಮಾತ್ರ ತಾಳ್ಮೆ ಕೆಡಿಸಿತು. ಚೆಂಡಿನೊಳಗಿನ ಈ ಕಂದು ಬೀಜಾಣು ಪುಡಿ ನೀರಿಗೆ ಸೇರುವುದೇ ಇಲ್ಲ, ಮೇಲೆ ತೇಲುತ್ತದೆ. ಮೊದಲ ಮೂರು ಗಾಜುಪಟ್ಟಿಗಳಲ್ಲಿ ಗುಳ್ಳೆಗಳದೇ ದರ್ಬಾರು. ಮೊದಲು ಒಂದು ತೊಟ್ಟು ಆಲ್ಕೋಹಾಲ್, ಆಮೇಲೆ ನೀರು ಎಂಬ ಕ್ರಮ ಹೊಳೆದ ಮೇಲೆ 1000 ಪಟ್ಟು ಹಿಗ್ಗಿಸಿದ ನೋಟದಲ್ಲಿ ದುಂಡನೆಯ ಬೀಜಾಣುಗಳು ಸ್ಪಷ್ಟವಾದವು. ಮೈಮೇಲೆಲ್ಲ ಒರಟು ಏಣುಗಳು.

ಪ್ರಭೇದದ ಹೆಸರು ಬರೆಯಲು ಕೈ ಬರುತ್ತಿಲ್ಲ. ಒಂದೇ ಎಂದು ನಂಬಿದ್ದ ಈ ಅಣಬೆಯನ್ನು 2017ರಲ್ಲಿ ಡಿಎನ್‌ಎ ಮತ್ತು ಬೀಜಾಣುಗಳ ಆಧಾರದ ಮೇಲೆ ಹಲವು ಪ್ರಭೇದಗಳಾಗಿ ಒಡೆದಿದ್ದಾರೆ. ಆದ್ದರಿಂದ ಪೊಟ್ಟಣದ ಮೇಲೆ ಕುಲದ ಹೆಸರಷ್ಟೇ ಇದೆ, ಮುಂದಿನ ಜಾಗ ಖಾಲಿ.

ಪೆಟ್ಟಿಗೆಯಲ್ಲಿ ‘ಹುಳು ಕೊರೆದಿದೆ’ ಎಂದು ನನ್ನದೇ ಅಕ್ಷರದಲ್ಲಿ ಬರೆದ ಇನ್ನೂ ಎರಡು ಹಳೆಯ ಪೊಟ್ಟಣಗಳಿವೆ. ನಾಳೆ ಅವುಗಳ ಅಡಿಯನ್ನೂ ನೋಡಬೇಕು.